ಕಪ್ತಾನನ ಸಾಕ್ಷಿ

ಇಂದಿರಾನಗರದ ಒಂದು ಚಿಕ್ಕ ಸ್ಟುಡಿಯೋದಲ್ಲಿ ನಾನು ಆಡಿಯೋ ಕಥೆಗಳನ್ನು ಬರೆದು ಓದುತ್ತಿದ್ದೆ. ಹದಿನೇಳನೇ ಶತಮಾನದ ಇಂಗ್ಲೆಂಡಿನ ನೌಕಾಪಡೆಯ ಕಪ್ತಾನನೊಬ್ಬನನ್ನು ಹಳೆಯ ಪುಸ್ತಕಗಳಲ್ಲಿ ಹುಡುಕಿ ಕಥೆಗೆ ತಂದವಳೂ ನಾನೇ. ಬಡಗಿಯ ಮಗ, ಡಚ್ಚರ ವಿರುದ್ಧ ಹೋರಾಡುತ್ತ ಕಪ್ತಾನನಾದವನು. ಒಂದು ಕಾಳಗದಲ್ಲಿ ಹಾಯಿಕಂಬ ಮುರಿದು ಬಿದ್ದರೂ ಅವನು ಹಿಂದೆ ಸರಿಯಲಿಲ್ಲ. ಓಡಿಹೋದವನು ಅವನ ಮೇಲಿನ ಅಡ್ಮಿರಲ್. ಆದರೆ ವಿಚಾರಣೆಯಲ್ಲಿ ಆ ಅಡ್ಮಿರಲ್, ಓಡಿದ್ದು ಕಪ್ತಾನನೇ ಎಂದ. ಕಪ್ತಾನನ ಕೆಲಸ ಹೋಯಿತು. ವರ್ಷಗಳ ಮೇಲೆ ಅದೇ ಅಡ್ಮಿರಲ್ ಆರೋಪಿಯಾಗಿ ಕಟಕಟೆ ಏರಿದಾಗ, ಸಾಕ್ಷಿ ಹೇಳಲು ಕಪ್ತಾನ ಬಂದ. ಕಂಡದ್ದನ್ನೆಲ್ಲ ಹೇಳಿ ಅವನನ್ನು ಮುಗಿಸಿಬಿಟ್ಟ.

ನಾನು ಓದಿ ರೆಕಾರ್ಡ್ ಮಾಡಿದ ಮೇಲೆ ಸ್ಟುಡಿಯೋದ ಮಾಲೀಕರು ಕರೆದರು.

"ನೋಡಿ, ನಿಮ್ಮ ಕಲಬುರಗಿ ಕನ್ನಡ ಇಲ್ಲಿ ನಡೆಯಲ್ಲ. ವಾಯ್ಸ್ ನಾನೇ ಕೊಡ್ತೀನಿ. ಹೆಸರೂ ನಂದೇ ಇರ್ಲಿ, ನಿಮ್ಮನ್ನ ಯಾರಿಗ್ ಗೊತ್ತು?"

"ಬರದಾಕಿ ನಾ ಅಲ್ರಿ?"

"ಬರೆಯೋರು ಬೇಕಾದಷ್ಟು ಜನ ಸಿಗ್ತಾರೆ ಬಿಡ್ರೀ," ಎಂದು ನಕ್ಕರು.

ಕೆ.ಆರ್. ಪುರದ ಬಾಡಿಗೆ ಕೋಣೆ ತಲುಪುವವರೆಗೂ ಆ ನಗು ಕಿವಿಯಲ್ಲಿತ್ತು. ಅಳು ಬರಲಿಲ್ಲ. ಯಾವ ಒಪ್ಪಂದಕ್ಕೂ ಅವರು ನನ್ನಿಂದ ಸಹಿ ಹಾಕಿಸಿಕೊಂಡಿಲ್ಲ, ಕಥೆ ಇನ್ನೂ ನನ್ನದೇ ಎಂಬುದು ಮಾತ್ರ ಥಟ್ಟನೆ ಹೊಳೆಯಿತು.

ಪುಲಿಕೇಶಿನಗರದಲ್ಲಿ ನನ್ನ ಗೆಳತಿಯ ಕೆಫೆ ಇದೆ. ಅದರ ಮಹಡಿಯಲ್ಲಿ ಭಾನುವಾರ ಸಂಜೆ ಜನ ಕಥೆ ಕೇಳಲು ಸೇರುತ್ತಾರೆ. ಮಾಲೀಕರ ದನಿಯಲ್ಲಿ, ಅವರ ಹೆಸರಿನಲ್ಲಿ ಕಪ್ತಾನನ ಕಥೆಯ ಸರಣಿ ಹೊರಬರುವ ಮೊದಲಿನ ಭಾನುವಾರ ನಾನೇ ಕಥೆ ಹೇಳುವುದೆಂದಾಯಿತು. ಯಾವ ಕಥೆ ಎಂದು ತಿಳಿಸದೆ ಅವರನ್ನೂ ಕರೆದೆ, ಮುಂದಿನ ಸಾಲಿನಲ್ಲಿ ಕೂರಿಸಿದೆ.

"ಇಂಗ್ಲೆಂಡಿನ್ಯಾಗ ಒಬ್ಬ ಕಪ್ತಾನ ಇದ್ದ ನೋಡ್ರಿ," ಎಂದು ಶುರುಮಾಡಿದೆ.

ಅವರ ಮುಖ ಬಿಳಿಚಿಕೊಂಡಿತು. ಎದ್ದು ಹೋಗೋಣವೆಂದರೆ ಬಾಗಿಲವರೆಗೂ ಜನ. ನನ್ನ ಕನ್ನಡ ಯಾರಿಗೂ ಅರ್ಥವಾಗದೆ ಹೋಗಲಿಲ್ಲ. ತಮಿಳು ಮನೆಮಾತಿನ ಅಜ್ಜಿಯೊಬ್ಬರು ಅಡ್ಮಿರಲ್‌ನನ್ನು ಗಟ್ಟಿಯಾಗಿಯೇ ಬೈದರು. ಸಾಕ್ಷಿಯ ಭಾಗ ಬಂದಾಗ ಮಾಲೀಕರ ಮುಖವನ್ನೇ ನೋಡುತ್ತ, ಒಂದೊಂದು ಮಾತನ್ನೂ ನಿಧಾನಕ್ಕೆ ಹೇಳಿದೆ. ಅಷ್ಟು ಖುಷಿ ನನಗೆ ಎಂದೂ ಆಗಿರಲಿಲ್ಲ. ಯಾರೋ ಮೊಬೈಲಿನಲ್ಲಿ ತೆಗೆದ ವಿಡಿಯೋ ಆ ವಾರವೆಲ್ಲ ಓಡಾಡಿತು.

ಆ ಸಂಜೆಯೇ, ಕಥೆ ಮುಗಿಸಿ ಇಳಿಯುವಾಗ, ಮಾಲೀಕರು ನನ್ನನ್ನು ಮೆಟ್ಟಿಲ ಬಳಿ ತಡೆದು ನಿಲ್ಲಿಸಿದ್ದರು. "ಏನ್ರೀ ಇದು? ನನ್ ಮಾನ ಕಳೆದ್ಬಿಟ್ರಲ್ಲ!"

"ನಿಮ್ಮ ಹೆಸ್ರು ನಾ ಎತ್ತೇ ಇಲ್ಲಲ್ರಿ."

ವಿಡಿಯೋ ನೋಡಿದವರಿಗೆಲ್ಲ ಕಥೆ ನನ್ನದೆಂದು ಗೊತ್ತಾಗಿದ್ದರಿಂದ ಅವರ ಸರಣಿ ಹೊರಬರಲಿಲ್ಲ. ನನ್ನ ಕೆಲಸವೂ ಹೋಯಿತು. ಅಂಥದ್ದು ಇನ್ನೂ ಸಿಕ್ಕಿಲ್ಲ. ಮೊನ್ನೆ ಕಮರ್ಷಿಯಲ್ ಸ್ಟ್ರೀಟಿನಲ್ಲಿ ನನ್ನನ್ನು ಕಂಡೊಡನೆ ಅವರು ಸೀರೆ ಅಂಗಡಿಯೊಂದಕ್ಕೆ ನುಗ್ಗಿದರು. ನಾನು ಎದುರಿಗೇ, ಬಾಗಿಲು ಕಾಣುವಂತೆ ನಿಂತುಕೊಂಡೆ. ನನಗೇನೂ ಅವಸರವಿರಲಿಲ್ಲ.