ಒಲೆಯಣ್ಣನ ಮೂರನೇ ಚರಣ

ಅಂಗಿ ಮಾರುವವನ ಕಣ್ಣಿಗೆ ಮನುಷ್ಯ ಮೊದಲು ಅಳತೆಯಾಗಿ ಕಾಣುತ್ತಾನೆ, ಮುಖ ಆಮೇಲೆ. ಒಲೆಯಣ್ಣನ ಅಳತೆ ಮೂವತ್ತೆಂಟು. ಕಾಲರು ಹದಿನೈದು ಸಾಕಾದರೂ ಹದಿನಾರೇ ಕೇಳುತ್ತಿದ್ದ. ಕತ್ತು ಬಿಗಿದರೆ ಹಾಡೂ ಬಿಗಿಯುತ್ತದೆ ಎಂಬುದು ಅವನ ವಾದ. ಬಲಭುಜ ಎಡಭುಜಕ್ಕಿಂತ ಒಂದು ಬೆರಳು ದಪ್ಪ, ಮೂವತ್ತು ವರ್ಷ ಇಸ್ತ್ರಿಪೆಟ್ಟಿಗೆ ತಳ್ಳಿದ ಗುರುತು. ಬಣ್ಣ ಮಾಸಿದ್ದರೂ ಹೊಲಿಗೆ ಬಿಟ್ಟಿರಲಿಲ್ಲ. ಇಂಥ ಸರಕನ್ನು ನಾವು ಅಂಗಡಿಯ ಮುಂದೆ ತೂಗುಹಾಕುವುದಿಲ್ಲ. ಒಳಗಿನ ಕಪಾಟಿನಲ್ಲಿ ಮಡಿಸಿಡುತ್ತೇವೆ. ಗೊತ್ತಿದ್ದವರು ಬಂದು ಕೇಳಿ ಒಯ್ಯುತ್ತಾರೆ. ಗೊತ್ತಿದ್ದವರು ಯಾವಾಗಲೂ ಕಡಿಮೆ.

ಅವನ ಅನ್ನದ ಕೆಲಸ ಲಾಂಡ್ರಿಯ ಹಿಂದಿನ ಕೋಣೆಯಲ್ಲಿ. ಅಲ್ಲಿ ಒಂದೇ ಕಿಟಕಿ, ಅದಕ್ಕೂ ಅರ್ಧದವರೆಗೆ ಬಟ್ಟೆಯ ಗಂಟುಗಳು. ಗಂಜಿಯ ವಾಸನೆ, ಹಬೆ, ಗೋಡೆಯಲ್ಲಿ ತೇವ. ಬೆಳಗಿನಿಂದ ಸಂಜೆಯವರೆಗೆ ಬೇರೆಯವರ ಅಂಗಿಯ ಸುಕ್ಕು ತೆಗೆಯುತ್ತಾ ಹಾಡುತ್ತಿದ್ದ. ಮನಸ್ಸಿನ ಕೆಲಸವೆಂದರೆ ತಿಂಗಳ ಕೊನೆಯ ಭಾನುವಾರ ಮಧ್ಯಾಹ್ನದ್ದು. ಆ ದಿನ ಊರಿನ ದೊಡ್ಡ ಸಭಾಂಗಣಕ್ಕೆ ಯಾರಾದರೂ ಹೆಸರುವಾಸಿ ಗಾಯಕರು ಬರುತ್ತಿದ್ದರು. ಅವರನ್ನು ವೇದಿಕೆಯವರು 'ದೊಡ್ಡವರು' ಎನ್ನುತ್ತಿದ್ದರು. ದೊಡ್ಡವರು ತಿಂಗಳಿಗೊಬ್ಬರು ಬದಲಾಗುತ್ತಿದ್ದರು, ಅವರೊಡನೆ ಸಭಾಂಗಣದ ಬಾಗಿಲಲ್ಲಿ ನಾನು ಮಾರುವ ಅಂಗಿಗಳ ಎದೆಯ ಮೇಲೆ ಅಚ್ಚಾದ ಮುಖವೂ. ಅವರಿಗಿಂತ ಮುಂಚೆ ಅರ್ಧ ಗಂಟೆ ಹಾಡುವವನು ಮಾತ್ರ ಇಪ್ಪತ್ತೆರಡು ವರ್ಷ ಒಬ್ಬನೇ. ತಣ್ಣಗೆ ಬಂದು ಕೂತ ಜನರನ್ನು ಬಿಸಿ ಮಾಡಿ ದೊಡ್ಡವರ ಕೈಗೆ ಒಪ್ಪಿಸುವುದು ಅವನ ಪಾಲಿನ ಕೆಲಸ. ಹಾಗಾಗಿ ಹೆಸರು ಒಲೆ. ತಲೆ ನೆರೆತ ಮೇಲೆ ಒಲೆಯಣ್ಣ.

ಒಲೆಗೆ ಒಂದು ಕಟ್ಟಳೆ ಇತ್ತು. ವೇದಿಕೆಯ ಅಂಚಿನಲ್ಲಿ, ಹಾಡುವವನಿಗೆ ಮಾತ್ರ ಕಾಣುವಂತೆ, ಒಂದು ಕೆಂಪು ಬಲ್ಬು. ದೊಡ್ಡವರ ಕಾರು ಹಿಂದಿನ ಗೇಟು ದಾಟಿದ ಕೂಡಲೇ ಅದು ಹೊತ್ತಿಕೊಳ್ಳುತ್ತಿತ್ತು. ದೊಡ್ಡವರು ಯಾರಿಗೂ ಕಾಯುವವರಲ್ಲವಲ್ಲ, ಕಾರಿನಿಂದ ಇಳಿದವರು ನೇರ ವೇದಿಕೆಗೇ ಬರಬೇಕು. ಬಲ್ಬು ಹೊತ್ತಿತೆಂದರೆ ಹಾಡು ಎಲ್ಲಿದೆಯೋ ಅಲ್ಲೇ ನಿಲ್ಲಿಸಿ, ಕೈಮುಗಿದು ಇಳಿಯಬೇಕು. ಸಾಲು ಮುಗಿಸುತ್ತೇನೆ, ತಾಳಿ, ಎನ್ನುವಂತಿಲ್ಲ.

ಇನ್ನೊಂದು ಕಟ್ಟಳೆ ಹೀಗೆ ಮೊದಲು ಹಾಡುವ ಒಲೆಗಳು ತಾವೇ ಮಾಡಿಕೊಂಡದ್ದು. ಮೊದಲು ಜನರಿಗೆ ಗೊತ್ತಿರುವ ಹಾಡುಗಳು, ಸ್ವಂತದ್ದು ಒಂದೇ ಒಂದು, ಅದೂ ಕೊನೆಗೆ. ಸ್ವಂತದ್ದು ಹಾಡಿದ ಬಾಯಲ್ಲಿ ಮತ್ತೆ ಬೇರೆಯವರದನ್ನು ಹಾಡಬಾರದು, ಅದು ಕಸುಬಿಗೆ ಅವಮಾನ. ಎರಡು ಕಟ್ಟಳೆಗಳನ್ನೂ ಕೂಡಿಸಿ ನೋಡಿ. ಇಪ್ಪತ್ತೆರಡು ವರ್ಷದಲ್ಲಿ ಒಲೆಯಣ್ಣ ತನ್ನ ಸ್ವಂತ ಹಾಡನ್ನು ಒಂದು ಸಲವೂ ಪೂರ್ತಿ ಹಾಡಿರಲಿಲ್ಲ.

ಆ ಹಾಡು ಒಂದು ಬಾಗಿಲಿನದು. ಮೊದಲ ಚರಣದಲ್ಲಿ ಯಾರೋ ಬಾಗಿಲು ಬಡಿಯುತ್ತಾರೆ. ಎರಡನೆಯದರಲ್ಲಿ ಒಳಗಿನವಳು ದೀಪ ಹಿಡಿದು ಬಂದು ಯಾರೆಂದು ಕೇಳುತ್ತಾಳೆ. ಮೂರನೆಯದರಲ್ಲಿ ಬಾಗಿಲು ತೆರೆಯುತ್ತದೆ. ಅಷ್ಟರಲ್ಲಿ ಬಲ್ಬು ಹೊತ್ತಿರುತ್ತಿತ್ತು.

ಜನ ಅವನನ್ನು ಹೇಗೆ ಕೇಳುತ್ತಿದ್ದರು ಎಂಬುದು ಬಾಗಿಲ ಹೊರಗೆ ಅಂಗಿ ಹರಡಿಕೊಂಡು ಕೂತ ನನಗೆ ಚೆನ್ನಾಗಿ ಗೊತ್ತು. ಮುಂದಿನ ಸಾಲಿನವರು ಅವನು ಹಾಡುವಾಗ ಕೈಗಡಿಯಾರ ನೋಡುತ್ತಿದ್ದರು. ನಡುವಿನವರು ಗೊತ್ತಿದ್ದ ಹಾಡಿಗೆ ತಲೆದೂಗಿ, ಗೊತ್ತಿಲ್ಲದ್ದಕ್ಕೆ ಎದ್ದು ಹೊರಗೆ ಬರುತ್ತಿದ್ದರು. ಹೊರಗೆ ಬಂದವರು ಅಂಗಿ ಕೊಳ್ಳುತ್ತಿದ್ದರು, ಹಾಗಾಗಿ ಅವರ ಮೇಲೆ ನನಗೆ ಪ್ರೀತಿ. ಕಾರ್ಯಕ್ರಮ ಬಿಟ್ಟ ಮೇಲೆ ಮೆಟ್ಟಿಲ ಮೇಲೇ ಜಗಳ ಶುರುವಾಗುತ್ತಿತ್ತು.

"ಮೊದ್ಲು ಹಾಡಿದ್ರಲ್ಲ, ಪೂರ್ತಿ ಹೊತ್ತು ಅವ್ರಿಗೇ ಕೊಡ್ಬೇಕಿತ್ತು ರೀ."

"ಅವ್ರಿಗಾ? ಅವ್ರು ಹಾಡೋವಾಗ ನಾನು ಒಂದು ನಿದ್ದೆ ತೆಗ್ದೆ."

"ನಿದ್ದೆನಾದ್ರೂ ಬಂತಲ್ಲ, ಪುಣ್ಯ. ನಿಮ್ಮ ದೊಡ್ಡವರು ಹಾಡಿದ್ದಕ್ಕೆ ನಂಗೆ ತಲೆನೋವು ಬಂತು."

ಅವನಿಗಾಗಿಯೇ ಬರುವವರು ಒಂದಿಪ್ಪತ್ತು ಜನ. ಎಡಗಡೆಯ ಮೂರನೇ ಕಂಬದ ಬಳಿ ನಿಲ್ಲುತ್ತಿದ್ದರು. ಗುಂಡಿ-ದಾರದ ಅಂಗಡಿ ಇಟ್ಟುಕೊಂಡಿದ್ದ ಗುಂಡಿಯಮ್ಮ ಆ ಗುಂಪಿನ ಯಜಮಾನಿ. ಒಲೆಯಣ್ಣ ಇಳಿದ ಕೂಡಲೇ ಅವರಲ್ಲಿ ಅರ್ಧ ಜನ ಹೊರಟುಹೋಗುವರು, ದೊಡ್ಡವರ ಮುಖ ಕೂಡ ನೋಡದೆ. ಬಾಗಿಲು ಬಡಿದವರು ಯಾರು ಎಂಬ ತಕರಾರು ಅವರಲ್ಲಿ ವರ್ಷಗಟ್ಟಲೆ ನಡೆದಿತ್ತು. ಮನೆಬಿಟ್ಟು ಹೋದ ಮಗಳೇ ಬಂದದ್ದು ಎಂದು ಗುಂಡಿಯಮ್ಮ. ಅಂಚೆಯವನೊಬ್ಬನಿದ್ದ, ಅವನಿಗೆ ಅನುಮಾನವೇ ಇರಲಿಲ್ಲ: "ಅಂಚೆಯವ್ನೇ ಕಣಮ್ಮ. ಮತ್ಯಾರು ಹಾಗ್ ಬಡೀತಾರೆ?" ಒಲೆಯಣ್ಣನನ್ನು ಕೇಳಿದರೆ, "ಹಾಡ್ದಾಗ ಗೊತ್ತಾಗುತ್ತೆ" ಎಂದು ನಗುತ್ತಿದ್ದ.

ಇಪ್ಪತ್ತೆರಡನೇ ವರ್ಷ ಅವನ ದನಿ ಒಡೆಯತೊಡಗಿತು. ಹಬೆಯಿಂದ ಇರಬೇಕೆಂದು ಬಿಸಿನೀರು ಕುಡಿದ. ನೀರು ನುಂಗುವಾಗಲೂ ನೋಯತೊಡಗಿದಾಗ ಅಕ್ಕ ಎಳೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿದಳು. ಮದುವೆಯಾಗದ ತಮ್ಮ ಅವಳ ಮನೆಯಲ್ಲೇ ಇದ್ದ. ಡಾಕ್ಟರು ಗಂಟಲಲ್ಲಿ ಗಂಟಿದೆ ಎಂದರು. ಕೆಟ್ಟ ಗಂಟು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ತೆಗೆದರೆ ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ. ತಿಂಗಳ ಕೊನೆಯ ಭಾನುವಾರ ಕಳೆದ ಮಂಗಳವಾರಕ್ಕೆ ಆಪರೇಷನ್. ಅಲ್ಲಿಯವರೆಗೆ ಬಾಯಿ ಬಿಡಕೂಡದು.

ದಾರಿಯುದ್ದಕ್ಕೂ ಒಲೆಯಣ್ಣ ಒಂದೇ ಲೆಕ್ಕ ಹಾಕಿದ. ಮಂಗಳವಾರಕ್ಕೆ ಮೊದಲು ಒಂದು ಹಾಡಿನ ಭಾನುವಾರ ಇದೆ.

"ಡಾಕ್ಟ್ರು ಮಾತೇ ಆಡ್ಬೇಡ ಅಂದ್ರೆ, ಹಾಡ್ತೀನಿ ಅಂತೀಯಲ್ಲೋ! ತಲೆ ನೆಟ್ಟಗಿದೆಯಾ?" ಅಕ್ಕ ಅಡುಗೆಮನೆಯಿಂದಲೇ ಕೂಗಿದಳು.

"ಮಾತಾಡಲ್ಲಕ್ಕ. ಹಾಡ್ತೀನಿ ಅಷ್ಟೇ."

"ಯಾರಿಗೋಸ್ಕರ? ಆ ಗಡಿಯಾರ ನೋಡೋರಿಗಾ?"

ಆಮೇಲೆ ಒಲೆಯಣ್ಣ ಮೂರು ವಾರ ಬಾಯಿ ಹೊಲಿದುಕೊಂಡವನಂತೆ ಇದ್ದ. ಲಾಂಡ್ರಿಯ ಹಿಂದಿನ ಕೋಣೆಯಲ್ಲಿ ಇಸ್ತ್ರಿಯ ಬುಸುಗುಟ್ಟುವ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಇದ್ದಷ್ಟು ದನಿಯನ್ನು ಆ ಒಂದು ಮಧ್ಯಾಹ್ನಕ್ಕೆ ಉಳಿಸಿಡುತ್ತಿದ್ದ.

ಅಕ್ಕನ ಗಂಡನೇ ಸಭಾಂಗಣದಲ್ಲಿ ಮೈಕಿನ ಕೆಲಸದವನು. ಕೆಂಪು ಬಲ್ಬಿನ ಸ್ವಿಚ್ಚೂ ಅವನ ಕೈಯಲ್ಲೇ. ಇಪ್ಪತ್ತೆರಡು ವರ್ಷ ಭಾವಮೈದನ ಹಾಡನ್ನು ಮುರಿದ ಕೈ ಅದು. ಶನಿವಾರ ಸಂಜೆ ಒಲೆಯಣ್ಣ ಅವನೆದುರು ಕುಕ್ಕರುಗಾಲಲ್ಲಿ ಕೂತು, ಮೂರು ವಾರದಲ್ಲಿ ಮೊದಲ ಸಲ ಬಾಯಿಬಿಟ್ಟ.

"ಭಾವ, ನಾಳೆ ಬಲ್ಬು ಹಾಕ್ಬೇಡಿ. ಮೂರನೇದು ಮುಗಿಯೋ ತನಕ."

ಭಾವ ತಂತಿ ಸುತ್ತುತ್ತಾ, "ಮ್ಯಾನೇಜರ್ರು ನನ್ನ ಕೆಲ್ಸ ಕಿತ್ತಾಕ್ತಾರೆ ಕಣಯ್ಯ" ಎಂದ. ಇನ್ನೊಂದು ಸುತ್ತು ಸುತ್ತಿದ. "ಕಿತ್ತಾಕ್ಲಿ ಬಿಡು. ಹಾಕಲ್ಲ."

ಭಾನುವಾರ ಒಳಗೆ ಹೋಗುವ ಮೊದಲು ಒಲೆಯಣ್ಣ ನನ್ನ ಅಂಗಿ ಹರವಿನ ಮುಂದೆ ನಿಂತ. "ಸಾಹುಕಾರ್ರೇ, ಇವತ್ತು ಕೊನೇದು" ಎಂದು ಪಿಸುಗುಟ್ಟಿದ. "ಇಷ್ಟು ವರ್ಷ ಹೊರಗಡೆಯಿಂದಾನೇ ಕೇಳಿದ್ದೀರ. ಕೊನೇ ಹಾಡಿಗಾದ್ರೂ ಒಳಗ್ ಬನ್ನಿ. ಬಾಗ್ಲು ಯಾರು ಬಡಿದ್ರು ಅಂತ ಗೊತ್ತಾಗುತ್ತೆ."

ಬರ್ತೀನಿ ಒಲೆಯಣ್ಣ, ಖಂಡಿತ ಬರ್ತೀನಿ, ಎಂದು ಹೇಳಿ ಕಳಿಸಿದೆ.

ಮೂರು ಗಂಟೆಗೆ ಅವನು ವೇದಿಕೆ ಹತ್ತಿದ. ಮೊದಲ ಹಾಡಿಗೆ ದನಿ ಒರಟಾಗಿದ್ದರೂ ಕೈಕೊಡಲಿಲ್ಲ. ಜನಕ್ಕೆ ಅದು ಹೊಸ ರುಚಿ ಎನಿಸಿರಬೇಕು, ನಡುವಿನವರೂ ಚಪ್ಪಾಳೆ ಹೊಡೆದರು. ಮೂರೂಕಾಲಿಗೆ ಅವನು ಸ್ವಂತದ್ದಕ್ಕೆ ಸಿದ್ಧನಾಗಿದ್ದ. ಆಗ ಪಕ್ಕದ ಪರದೆಯ ಸಂದಿಯಿಂದ ಮ್ಯಾನೇಜರು ಎರಡೂ ಕೈಯಲ್ಲಿ ಹಗ್ಗ ಎಳೆಯುವಂತೆ ಸನ್ನೆ ಮಾಡಿದ. ದೊಡ್ಡವರ ಕಾರು ದಾರಿಯಲ್ಲೆಲ್ಲೋ ನಿಂತಿದೆ, ಬರುವವರೆಗೆ ಎಳಿ.

ಒಲೆಯಣ್ಣ ಎಳೆದ. ಒಂದು ಗಂಟೆ ಕಳೆಯಿತು. ಅವನ ದನಿ ಅರ್ಧ ಗಂಟೆಯ ಉರಿಗೆಂದು ಕೂಡಿಟ್ಟ ಸೌದೆ. ನಾಲ್ಕರ ಹೊತ್ತಿಗೆ ಮುಂದಿನ ಸಾಲಿನವರು ಕೈಗಡಿಯಾರ ಬಿಟ್ಟು ಕುರ್ಚಿಯ ಕೈ ಕುಟ್ಟತೊಡಗಿದರು. ಒಬ್ಬ ದೊಡ್ಡವರ ಹೆಸರು ಕೂಗಿದ, ಆಮೇಲೆ ನೂರು ಜನ. "ಇಳಿಯಯ್ಯ ಸಾಕು!" "ಪಾಪ ರೀ, ಅವ್ರೇನು ಮಾಡ್ತಾರೆ?" "ಪಾಪ ಅನ್ನೋರು ದುಡ್ಡು ವಾಪಸ್ ಕೊಡಿ!" ನೀರಿನ ಬಾಟಲಿಯೊಂದು ಬಂದು ಅವನ ಕಾಲ ಬಳಿ ಉರುಳಿತು. ಕಂಬದವರು ಗಂಟಲು ಹರಿಯುವಂತೆ ಅವನ ಪರ ಕೂಗಿದರು. ಆ ಕೂಗಿನಿಂದ ಗಲಾಟೆ ಇನ್ನಷ್ಟು ಹೆಚ್ಚಿತು.

ಭಾವ ತನ್ನ ಮೂಲೆಯಿಂದ ಕೈ ಆಡಿಸಿದ: ಈಗಲೇ ಹಾಡು, ನಿನ್ನದನ್ನು ಹಾಡಿಬಿಡು. ಒಲೆಯಣ್ಣ ತಲೆ ಅಲ್ಲಾಡಿಸಿದ. ಸ್ವಂತದ್ದು ಕೊನೆಗೆ. ಹಾಡಿ ಮುಗಿಸಿದರೆ ಕಾರು ಬರುವವರೆಗೆ ಇನ್ನೇನು ಹಾಡುವುದು? ಅದರ ಮೇಲೆ ಬೇರೆಯವರ ಹಾಡು ಹೇರುವಂತಿಲ್ಲ. ಕಸುಬು ಗೊತ್ತಿಲ್ಲದವನಾಗಿದ್ದರೆ ಹಾಡಿಬಿಡುತ್ತಿದ್ದ, ಗೆಲ್ಲುತ್ತಿದ್ದ. ಇವನಿಗೆ ಕಸುಬು ಗೊತ್ತಿತ್ತು. ಮತ್ತೊಬ್ಬರ ಹಾಡನ್ನೇ ಎತ್ತಿಕೊಂಡ, ಆಮೇಲೆ ಇನ್ನೊಂದು.

ನಾಲ್ಕೂಮುಕ್ಕಾಲಿಗೆ ಕಾರು ಗೇಟು ದಾಟಿತು. ಮ್ಯಾನೇಜರು ಬಲ್ಬಿಗೆ ಸನ್ನೆ ಮಾಡಿದ. ಭಾವ ಆ ಕಡೆ ನೋಡಲೇ ಇಲ್ಲ. ಬೆರಳುಗಳನ್ನು ಮಡಿಸಿ ತೊಡೆಯ ಕೆಳಗೆ ಇಟ್ಟುಕೊಂಡು ಕೂತ. ಅದು ಕಂಡು ಒಲೆಯಣ್ಣ ತನ್ನ ಹಾಡು ಶುರುಮಾಡಿದ.

ಮೊದಲ ಚರಣಕ್ಕೇ ಗಲಾಟೆ ಇಳಿಯಿತು. ಕೇಳಿ ಇಳಿಯಿತೋ, ದೊಡ್ಡವರು ಬಂದರೆಂಬ ಸುದ್ದಿಗೆ ಇಳಿಯಿತೋ, ಯಾರು ಬಲ್ಲರು. ಎರಡನೆಯ ಚರಣದಲ್ಲಿ ದನಿ ದಾರದಷ್ಟಾಗಿತ್ತು. ದೀಪ ಬಂತು, ಯಾರೆಂದು ಕೇಳಿದ್ದೂ ಆಯಿತು. ಬಲ್ಬು ಹೊತ್ತಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಒಲೆಯಣ್ಣ ಮೂರನೇ ಚರಣಕ್ಕೆ ಉಸಿರೆಳೆದ.

ತುಟಿ ಆಡಿತು. ದನಿ ಬರಲಿಲ್ಲ.

ಭಾವನಿಗೆ ಆ ಕ್ಷಣ ಅವನ ಕಸುಬೇ ಮುಳುವಾಯಿತು. ಸದ್ದು ನಿಂತರೆ ತಪ್ಪು ಯಂತ್ರದ್ದು ಎಂದು ಜೀವಮಾನವಿಡೀ ನಂಬಿದವನು. ಎರಡೂ ಕೈಯಿಂದ ದನಿ ಏರಿಸುವ ಗುಬುಟುಗಳನ್ನು ಕೊನೆಯವರೆಗೆ ತಿರುಗಿಸಿದ. ಆಗ ಸಭಾಂಗಣದ ಗೋಡೆಗೋಡೆಗೂ ಬಡಿದದ್ದು ಒಬ್ಬ ಮನುಷ್ಯನ ಉಸಿರು. ಗರಗರ, ಸುಯ್, ಗರಗರ. ಮುಂದಿನವರು ನಕ್ಕರು, ಹಿಂದಿನವರು ಶಿಳ್ಳೆ ಹಾಕಿದರು, ಮೈಕು ಕೆಟ್ಟಿದೆ ಎಂದು ಯಾರೋ ಕೂಗಿದರು. ಒಲೆಯಣ್ಣ ತುಟಿ ಆಡಿಸುತ್ತಲೇ ಇದ್ದ.

ಕಂಬದವರಿಗೆ ಮಾತ್ರ ತಿಳಿಯಿತು. ಗುಂಡಿಯಮ್ಮ ಹಾಡಿಗೆ ದನಿ ಕೊಟ್ಟಳು, ಇಪ್ಪತ್ತು ಜನ ಸೇರಿಕೊಂಡರು. ಅವನನ್ನು ಎತ್ತಿ ನಿಲ್ಲಿಸಬೇಕೆಂಬ ಆಸೆ ಅವರಿಗೆ. ಆದರೆ ಮೂರನೇ ಚರಣ ಯಾರಿಗೂ ಬರುತ್ತಿರಲಿಲ್ಲ, ಯಾರೂ ಕೇಳಿರಲಿಲ್ಲ. ಬರುತ್ತಿದ್ದದ್ದನ್ನೇ ಹಾಡಿದರು. ಮೊದಲನೆಯದನ್ನು. ತೆರೆಯಬೇಕಿದ್ದ ಬಾಗಿಲನ್ನು ಮತ್ತೆ ಹೊರಗಿನಿಂದ ಬಡಿಯತೊಡಗಿದರು.

ಒಲೆಯಣ್ಣ ಅವರತ್ತ ಕೈ ಎತ್ತಿ ಬೇಡವೆಂದು ಆಡಿಸಿದ. ಅವರು ಅದನ್ನು ಇನ್ನೂ ಜೋರಾಗಿ ಹಾಡಿ ಎಂದು ತಿಳಿದರು. ಮೂಲೆಯಲ್ಲಿ ಭಾವ ಅಳುತ್ತಾ ಗುಬುಟಿನಿಂದ ಕೈ ತೆಗೆದು ಸ್ವಿಚ್ಚು ಒತ್ತಿದ. ಕೆಂಪು ಬಲ್ಬು ಹೊತ್ತಿತು. ಒಲೆಯಣ್ಣ ಅಭ್ಯಾಸದಂತೆ ಅರ್ಧಕ್ಕೇ ನಿಲ್ಲಿಸಿ, ಕೈಮುಗಿದು ಇಳಿದ.

ಮೆಟ್ಟಿಲ ಬಳಿ ದೊಡ್ಡವರು ಅವನ ಹೆಗಲು ತಟ್ಟಿ, "ಜನ ಒಳ್ಳೇ ಬಿಸಿ ಇದ್ದಾರೆ" ಎಂದರಂತೆ.

ಮಂಗಳವಾರ ಆಪರೇಷನ್ ಆಯಿತು. ಭಾವನ ಕೆಲಸ ಅದಕ್ಕೂ ಮೊದಲೇ ಹೋಗಿತ್ತು. ಒಲೆಯಣ್ಣ ಬದುಕಿದ್ದಾನೆ. ಕತ್ತಿನಲ್ಲಿ ಒಂದು ತೂತು, ಅದರ ಮೇಲೆ ತೆಳು ಬಟ್ಟೆ. ಕಾಲರು ಈಗ ಹದಿನೇಳು ಬೇಕು. ಅದೇ ಹಿಂದಿನ ಕೋಣೆಯಲ್ಲಿ ಇಸ್ತ್ರಿ ಹಾಕುತ್ತಾನೆ. ಕಂಬದವರು ಕೆಲವು ದಿನ ಬಂದರು. ಹೇಳೋಕಾಗದಿದ್ರೆ ಬರೆದಾದ್ರೂ ಕೊಡಿ ಎಂದು ಗುಂಡಿಯಮ್ಮ ಸ್ಲೇಟು ತಂದುಕೊಟ್ಟಳು. ಅವನು ಅದರ ಮೇಲೆ ಬರೆದದ್ದು ಇಷ್ಟು: 'ಹಾಡು ಕೇಳೋದು. ಓದೋದಲ್ಲ.' ಆ ಸ್ಲೇಟಿನಲ್ಲಿ ಈಗ ಬಟ್ಟೆಯ ಎಣಿಕೆ ಬರೆಯುತ್ತಾನೆ. ಈಚೆಗೆ ಕಂಬದವರು ಬರುವುದಿಲ್ಲ. ಸಭಾಂಗಣದಲ್ಲಿ ಹೊಸ ಒಲೆ ಬಂದಿದೆ, ಪರವಾಗಿಲ್ಲ ಎನ್ನುತ್ತಾರೆ.

ಒಳಗೆ ನಡೆದದ್ದನ್ನೆಲ್ಲ ನಾನು ಅವನ ಭಾವನ ಬಾಯಿಂದ ಕೇಳಿದ್ದು, ಆ ಭಾನುವಾರ ನಾನೆಲ್ಲಿದ್ದೆ ಎಂಬುದನ್ನೂ ಹೇಳಿಬಿಡಬೇಕು. ಒಳಗೆ ಹಾಡು ಎಳೆದಷ್ಟೂ ಬೇಸತ್ತ ಜನ ಹೊರಗೆ ಬಂದರು. ಬಂದವರು ಕೊಂಡರು. ನನ್ನ ಹರವು ಅಷ್ಟು ಬೇಗ ಬರಿದಾದದ್ದು ಹಿಂದೆಂದೂ ಇಲ್ಲ. ಹೊರಗೆ ಕಟ್ಟಿದ್ದ ಧ್ವನಿವರ್ಧಕದ ಕಹಳೆಯಲ್ಲಿ ಗರಗರ ಸದ್ದು ಬಂದಾಗ ನಾನು ಕೊನೆಯ ಅಂಗಿ ಮಡಿಸುತ್ತಿದ್ದೆ. ಎಲ್ಲೋ ಗಾಳಿ ಸೋರುತ್ತಿದೆ ಎಂದುಕೊಂಡೆ. ಬಾಗಿಲು ಹತ್ತು ಹೆಜ್ಜೆ ದೂರದಲ್ಲಿ, ತೆರೆದೇ ಇತ್ತು.

ಒಳಗೆ ಬಂದು ಅವನ ಹಾಡು ಕೇಳುತ್ತೇನೆಂದು ಮಾತು ಕೊಟ್ಟಿದ್ದೆ. ಹೋಗಲಿಲ್ಲ. ಅದು ಅವನಿಗೆ ನಾನು ಉಳಿಸಿಕೊಂಡ ಬಾಕಿ.