‘ನಾನು ಚೆನ್ನಾಗಿದ್ದೀನಿ’ ಎನ್ನುವವರ ಪಾದ ತೊಳೆಯುವಾಕೆ

ಬೆಳಗಿನ ಆರು ಗಂಟೆ. ಸಕ್ಕರೆ ಕಾಯಿಲೆ ಆಸ್ಪತ್ರೆಯ ಹಿಂಬದಿ ಕೋಣೆಯಲ್ಲಿ ನೀಲಿ ಸಮವಸ್ತ್ರದ ಹೆಂಗಸೊಬ್ಬರು ಟಬ್ಬಿನ ನೀರಿಗೆ ಮೊಣಕೈ ಅದ್ದಿ ನೋಡುತ್ತಿದ್ದಾರೆ. "ಜೋಮು ಹಿಡಿದ ಕಾಲಿಗೆ ಸುಟ್ರೂ ಗೊತ್ತಾಗಲ್ಲ ನೋಡಿ, ಅದಕ್ಕೇ," ಎನ್ನುತ್ತಾರೆ. ನೀರು ಉಗುರುಬೆಚ್ಚಗಷ್ಟೇ ಇರುತ್ತದೆ, ಆದರೂ ರೋಗಿಗಳು ಅವರಿಗಿಟ್ಟ ಹೆಸರು ಬಿಸಿನೀರಮ್ಮ. ಡಾಕ್ಟರು ಬರುವ ಮೊದಲು ಮೂವತ್ತು ಜನರ ಪಾದ ತೊಳೆದು, ಒರೆಸಿ, ಬೆರಳ ಸಂದಿಯಲ್ಲಿ ಗಾಯವಿದೆಯೇ ಎಂದು ನೋಡುವುದು ಅವರ ಕೆಲಸ.

ಎಲ್ಲರನ್ನೂ ಅವರು ಕೇಳುವುದು ಒಂದೇ, ಹೇಗಿದ್ದೀರಿ ಎಂದು. ಹಿಮ್ಮಡಿಯಲ್ಲಿ ರೂಪಾಯಿಯಗಲ ಹುಣ್ಣಿಟ್ಟುಕೊಂಡ ಗಂಡಸರು, "ಗುಂಡುಕಲ್ಲಿದ್ದ ಹಾಗಿದ್ದೀನಿ" ಎಂದು ಎದೆ ಸೆಟೆಸುತ್ತಾರೆ. ಹೆಂಗಸರು, "ನಂದೇನು ಬಿಡಿ, ಮೊದಲು ಇವರದು ನೋಡಿ" ಎಂದು ಗಂಡನನ್ನು ಮುಂದೆ ತಳ್ಳುತ್ತಾರೆ. ಬಿಸಿನೀರಮ್ಮನ ಕಡೆಯವರ ಮಾತೇ ಬೇರೆ. ಅವರ ಅಜ್ಜಂದಿರು ದೂರದಿಂದ ಕೂಲಿಗೆ ಬಂದವರು, ಬಿಳಿಯರೇ ಹೆಚ್ಚಿರುವ ಊರಿನಲ್ಲಿ ಕಪ್ಪು ಮೈಯವರು. "ನಮ್ಮ ಜನಕ್ಕೆ ಸಕ್ಕರೆ ಬಂದ್ರೆ ಕಾಲು ಹೋಗೋದೇ ಅಂದ್ಕೊಂಡಿರ್ತಾರೆ. ನಮ್ಮಮ್ಮನೂ ಹಾಗೇ ಅಂದ್ಕೊಂಡು ಕಾಲು ಕಳಕೊಂಡ್ಳು. ಕಪ್ಪು ಚರ್ಮದಲ್ಲಿ ಕೆಂಪಗಾಗಿದ್ದೂ ಬೇಗ ಕಾಣಲ್ಲ, ಮುಟ್ಟಿ ಬಿಸಿ ನೋಡ್ಬೇಕು," ಎನ್ನುತ್ತಾರೆ ಬಿಸಿನೀರಮ್ಮ.

ಇಷ್ಟೆಲ್ಲ ಬಲ್ಲವರಿಗೆ ಸ್ವಂತ ಅಕ್ಕ ಮಾತ್ರ ಜಗ್ಗುತ್ತಿಲ್ಲ. ಅಕ್ಕನಿಗೂ ಸಕ್ಕರೆ ಕಾಯಿಲೆ. ಹಿಂದೊಮ್ಮೆ ಇಲ್ಲಿಗೆ ಬಂದಿದ್ದಾಗ ಕೌಂಟರಿನಲ್ಲಿದ್ದವರು, "ಹೇಳಿದ್ದನ್ನ ನಿಮ್ಮ ಜನ ಎಲ್ಲಿ ಕೇಳ್ತಾರೆ" ಎಂದು ನಾಲ್ಕು ಜನರ ಮುಂದೆ ಅಂದಿದ್ದರು. ಅಂದಿನಿಂದ ಯಾರು ಕೇಳಿದರೂ ಅಕ್ಕ ತಾನು ಚೆನ್ನಾಗಿದ್ದೇನೆ ಎನ್ನುತ್ತಾಳೆ.

ಕಳೆದ ತಿಂಗಳು ಭಾವನ ಕಾಲು ತೋರಿಸಲು ಅಕ್ಕ ಬಂದಿದ್ದಳು. ಭಾವನ ಪಾದ ಒರೆಸುತ್ತಿದ್ದ ತಂಗಿಯ ಕಣ್ಣು ಅಕ್ಕನ ಚಪ್ಪಲಿಯ ಮೇಲೆ ಬಿತ್ತು. ಕಿರುಬೆರಳಿನ ಕಡೆಯ ಪಟ್ಟಿಯನ್ನು ಕತ್ತರಿಸಿ ಸಡಿಲ ಮಾಡಿಕೊಂಡಿದ್ದಾಳೆ. ಬೆರಳು ಊದಿದೆ. ಕೈ ಚಾಚಿದರೆ ಅಕ್ಕ ಕಾಲನ್ನು ಬೆಂಚಿನಡಿಗೆ ಎಳೆದುಕೊಂಡಳು.

"ಮುಟ್ಬೇಡ ಕಣೇ. ಅಜ್ಜಿ ಬಿಳಿಯರ ಮನೆ ಮೆಟ್ಟಿಲು ತೊಳೆದ್ಲು, ನೀನು ಅವರ ಕಾಲು ತೊಳೀತಿದ್ದೀಯ. ನೋಡೋಕಾಗಲ್ಲ ನಂಗೆ. ನನ್ನ ಕಾಲೂ ತೊಳೀಬೇಕಾ?"

ಬಿಸಿನೀರಮ್ಮ ಚಾಚಿದ ಕೈ ಹಿಂತೆಗೆದು ಭಾವನ ಪಾದ ಒರೆಸುವುದನ್ನು ಮುಗಿಸಿದರು. ಈಗ ಪ್ರತಿದಿನ ಬಾಗಿಲು ತೆರೆದ ಕೂಡಲೇ ಅವರು ಸಾಲಿನ ಉದ್ದಕ್ಕೂ ಅಕ್ಕನ ಮುಖ ಹುಡುಕುತ್ತಾರೆ.

ಏನು ಆಸೆ ಎಂದು ಕೇಳಿದರೆ ಟವೆಲ್ ಹಿಂಡುತ್ತಾ ಹೇಳುತ್ತಾರೆ: "ಇದು ಕೀಳು ಕೆಲಸ ಅಂತ ನಂಗೆ ಒಂದಿನವೂ ಅನ್ಸಿಲ್ಲ. ಎಷ್ಟೋ ಜನ ಇವತ್ತು ತಮ್ಮ ಕಾಲ ಮೇಲೆ ನಡೀತಿದ್ದಾರೆ. ನಮ್ಮಕ್ಕ ಬಂದು, ಬೈಕೊಂಡಾದ್ರೂ ಸರಿ, ‘ನೋಯ್ತಿದೆ ಕಣೇ’ ಅಂತ ಒಂದು ಮಾತು ಅನ್ಲಿ. ಅಷ್ಟೇ ಸಾಕು ನಂಗೆ."