ಸಹಿಯ ಮೇಲಿನ ಖಾಲಿ ಜಾಗ

ಹುಸೇನ್ ಚಾಚಾ, ನಿಮ್ಮ ಸಹಿಯ ಮೇಲಿದ್ದ ಆ ಎಚ್ಚರಿಕೆಯನ್ನು ನಾನು ಬರೆದದ್ದು ನೀವು ಸಹಿ ಹಾಕಿದ ಎಷ್ಟೋ ದಿನಗಳ ನಂತರ. ಎಲ್ಲ ಹಾಳಾದ ಮೇಲೆ. ಇಷ್ಟು ಹೇಳಲು ನನಗೆ ಎಂಟು ವರ್ಷ ಹಿಡಿಯಿತು.

ಬೆಟಗೇರಿಯ ನಮ್ಮ ನೇಕಾರರ ಸಂಘದಲ್ಲಿ ನೀವು ಸೀರೆಯ ಅಂಚು, ಸೆರಗಿನ ನಕ್ಷೆ ಬರೆಯುವವರು. ನಾನು ಕಂಪ್ಯೂಟರ್ ನೋಡಿಕೊಳ್ಳುವವನು. ಮೂವತ್ತು ವರ್ಷ ಚೌಕಳಿ ಹಾಳೆಯ ಮೇಲೆ ಬರೆದ ನಕ್ಷೆಗಳಿಗೆ ಗೆದ್ದಲು ಹತ್ತಿದಾಗ, ಆ ವಯಸ್ಸಿನಲ್ಲಿ ಮೌಸ್ ಹಿಡಿಯುವುದನ್ನು ಕಲಿತು, ಉಳಿದವನ್ನೆಲ್ಲ ಒಂದೊಂದಾಗಿ ಕಂಪ್ಯೂಟರಿಗೆ ಏರಿಸಿದಿರಿ. ಗೆದ್ದಲು ಹತ್ತಿದ ಹಾಳೆಗಳನ್ನು ಆಮೇಲೆ ಸುಟ್ಟುಬಿಟ್ಟೆವು. ಅವನ್ನು ಕಾಯುವುದಷ್ಟೇ ನನ್ನ ಕೆಲಸವಾಗಿತ್ತು.

ಧಾರವಾಡದಲ್ಲಿ ಎರಡು ದಿನದ ತರಬೇತಿ ಮುಗಿಸಿ ಬಂದ ನನಗೆ ಕೊಂಬು ಮೂಡಿದ್ದವು. ಕಂಪ್ಯೂಟರ್ ಸುರಕ್ಷತೆಯ ಸುದ್ದಿ ಕಳಿಸುವ ಕಡೆಗಳಿಗೆಲ್ಲ ಹೆಸರು ಕೊಟ್ಟುಬಂದಿದ್ದೆ. ಹೊಸ ವೈರಸ್ಸು, ಹೊಸ ಮೋಸ, ಅದಕ್ಕೆ ಮದ್ದು — ದಿನಾ ಬೆಳಿಗ್ಗೆ ಇಮೇಲ್ ಬರುತ್ತಿದ್ದವು. ಅವುಗಳ ಸಾರವನ್ನು ವಾರಕ್ಕೊಮ್ಮೆ ಕನ್ನಡದಲ್ಲಿ ಸೂಚನಾ ಪುಸ್ತಕಕ್ಕೆ ಬರೆದು, ಎಲ್ಲರ ಟೇಬಲ್ಲಿಗೂ ಒಯ್ದು, ಓದಿಸಿ ಸಹಿ ಹಾಕಿಸಿಕೊಳ್ಳಬೇಕೆಂದು ಅಧ್ಯಕ್ಷರ ಅಪ್ಪಣೆ. ನಾಲ್ಕು ತಿಂಗಳು ಬರೆದೆ. ಆಮೇಲೆ — ಬೇಸರ ಎನ್ನಲೇ, ಸೊಕ್ಕು ಎನ್ನಲೇ — ಉದ್ದುದ್ದ ಇಂಗ್ಲಿಷ್ ಪತ್ರಗಳು ನನಗೆ ಅರ್ಧವೂ ತಿಳಿಯುತ್ತಿರಲಿಲ್ಲ. ತಿಳಿಯುವುದಿಲ್ಲ ಎಂದು ಯಾರ ಮುಂದೆ ಹೇಳಲಿ? ಓದುವುದನ್ನೇ ಬಿಟ್ಟೆ. ಆದರೆ ಸಹಿಗಳು ಮಾತ್ರ ತಪ್ಪುವಂತಿರಲಿಲ್ಲ, ಅಧ್ಯಕ್ಷರು ಎಣಿಸುತ್ತಿದ್ದದ್ದು ಅವನ್ನೇ. ಹಾಗಾಗಿ ಮೇಲೆ ತಾರೀಖು, 'ಈ ವಾರದ ಸೂಚನೆ' ಎಂಬ ತಲೆಬರಹ, ಅರ್ಧ ಪುಟ ಖಾಲಿ, ಕೆಳಗೆ ಏಳು ಸಹಿ. ಉಳಿದ ಆರು ಮಂದಿ ಪುಟದ ಕಡೆ ನೋಡದೆ ಗೀಚಿ ಕೊಡುತ್ತಿದ್ದರು. ಕನ್ನಡಕ ಏರಿಸಿ ನೋಡಿದವರು ನೀವೊಬ್ಬರೇ.

"ಏನೂ ಬರದಿಲ್ಲಲ್ಲೋ ತಮ್ಮಾ?"

"ಆಮ್ಯಾಲ ಬರೀತೇನ್ರಿ ಚಾಚಾ. ನೀವು ಸಹಿ ಮಾಡ್ರಿ."

ಮಾಡಿದಿರಿ. ಮುಂದಿನ ವಾರಗಳಲ್ಲಿ ಕೇಳಲೂ ಇಲ್ಲ, ನನ್ನನ್ನು ನಂಬಿ ಸಹಿ ಹಾಕುತ್ತ ಹೋದಿರಿ.

ಒಂದು ಬುಧವಾರ ಯಾವುದೋ ಸೀರೆ ಅಂಗಡಿಯ ಹೆಸರಿನಲ್ಲಿ ನಿಮಗೊಂದು ಇಮೇಲ್ ಬಂತು — ಇಂಥ ಅಂಚು ಬೇಕು, ನಮೂನೆ ಜೊತೆಗಿದೆ, ನೋಡಿ. ನಮೂನೆ ನೋಡುವುದೇ ನಿಮ್ಮ ಕೆಲಸ, ತೆರೆದಿರಿ. ಮಧ್ಯಾಹ್ನದ ಹೊತ್ತಿಗೆ ಒಂದು ನಕ್ಷೆಯೂ ತೆರೆಯುತ್ತಿರಲಿಲ್ಲ, ನಮೂನೆಯೊಳಗಿದ್ದ ವೈರಸ್ಸು ಎಲ್ಲಕ್ಕೂ ಬೀಗ ಹಾಕಿತ್ತು. ನಕಲು ಇಟ್ಟ ಡಿಸ್ಕನ್ನು ನಾನು ಅದೇ ಯಂತ್ರಕ್ಕೆ ಸಿಕ್ಕಿಸಿಯೇ ಬಿಟ್ಟಿದ್ದೆ, ಅದಕ್ಕೂ ಬೀಗ ಬಿತ್ತು. ನಿಮ್ಮ ಇಡೀ ಜೀವಮಾನದ ಕೆಲಸ ಆ ಊಟದ ಹೊತ್ತಿನಲ್ಲಿ ಹೋಯಿತು.

ಓದದೆ ಬಿಟ್ಟ ಪತ್ರಗಳನ್ನು ಆಗ ತೆರೆದು ನೋಡಿದೆ. ಎರಡು ವಾರ ಮೊದಲೇ ಬಂದಿತ್ತು — ಗಿರಾಕಿಯ ವೇಷದ ಇಂಥದೇ ಇಮೇಲಿನ ಎಚ್ಚರಿಕೆ, ನಕಲಿನ ಡಿಸ್ಕನ್ನು ಕಳಚಿಡಿ ಎಂಬ ಬುದ್ಧಿಮಾತು ಸಮೇತ. ಈ ಸಲ ಇಂಗ್ಲಿಷ್ ಪೂರ್ತಿ ತಿಳಿಯಿತು.

"ಇದರ ಎಚ್ಚರಿಕಿ ಮೊದಲ ಕೊಟ್ಟಿದ್ದಿ ಏನು?" ಎಂದರು ಅಧ್ಯಕ್ಷರು.

"ಕೊಟ್ಟೇನ್ರಿ. ಪುಸ್ತಕದಾಗ ಐತಿ."

ಬಾಯಿಂದ ಬಿದ್ದ ಮೇಲೆ ಅದನ್ನು ಖರೆ ಮಾಡಬೇಕಿತ್ತು. ಎಲ್ಲರೂ ಚಹಾಕ್ಕೆ ಹೋದಾಗ ಆ ಪತ್ರ ಬಂದ ವಾರದ ಪುಟ ತೆಗೆದು, ಅದೇ ನೀಲಿ ಪೆನ್ನಿನಿಂದ ಖಾಲಿ ಜಾಗ ತುಂಬಿದೆ. 'ಅಪರಿಚಿತರ ಇಮೇಲಿನ ಜೊತೆ ಬಂದದ್ದನ್ನು ತೆರೆಯಬಾರದು.' ಡಿಸ್ಕಿನ ಮಾತು ಮಾತ್ರ ಬರೆಯಲಿಲ್ಲ. ಅಷ್ಟು ಜಾಣ ನಾನು.

ಮರುದಿನದ ಸಭೆಯಲ್ಲಿ ಪುಸ್ತಕವನ್ನು ನಿಮ್ಮ ಮುಂದಿಟ್ಟರು. ಎರಡು ಸಲ ಓದಿದಿರಿ. ಅಧ್ಯಕ್ಷರ ಕಡೆ ನೋಡಲಿಲ್ಲ, ನನ್ನ ಕಡೆ ತಿರುಗಿದಿರಿ. ಜಗಳದ ದನಿಯಲ್ಲ, ನಿಜಕ್ಕೂ ತಿಳಿದುಕೊಳ್ಳುವ ದನಿ: "ಅವತ್ತ ಪುಟ ಖಾಲಿ ಇತ್ತಲ್ಲೋ ತಮ್ಮಾ?"

ಆಗಲೂ ಹೇಳಬಹುದಿತ್ತು. ನಾನು ಹೇಳಿದ್ದು — "ಇಲ್ರಿ ಚಾಚಾ, ಬರದಿತ್ತು. ನೀವ ಮರತೀರಿ."

ಪುಟ ಖಾಲಿಯಿತ್ತೋ ತುಂಬಿತ್ತೋ, ಉಳಿದ ಆರು ಮಂದಿಗೂ ಗೊತ್ತಿರಲಿಲ್ಲ. ಓದಿದ್ದರೆ ತಾನೆ ಗೊತ್ತಿರುತ್ತಿತ್ತು! "ಹೌದೇನೋ. ಸಹಿ ನಂದ ಐತಿ," ಎಂದು ಪುಸ್ತಕ ಮುಚ್ಚಿದಿರಿ. ವಾರದೊಳಗೆ ಕೆಲಸ ಬಿಟ್ಟು ಲಕ್ಷ್ಮೇಶ್ವರಕ್ಕೆ ಹೋದಿರಿ. ನನ್ನನ್ನು ಹುಷಾರಿನ ಮನುಷ್ಯ ಎಂದು ಹೊಗಳಿದರು. ಈಗ ಪ್ರತಿ ಬೆಳಿಗ್ಗೆ ಆ ಸುದ್ದಿಗಳನ್ನೆಲ್ಲ ತಪ್ಪದೆ ಓದುತ್ತೇನೆ. ಹುಲಕೋಟಿ, ಮುಂಡರಗಿಯ ಕಡೆ ಕಂಪ್ಯೂಟರ್ ಮೋಸದ ಬಗ್ಗೆ ಭಾಷಣಕ್ಕೂ ಕರೆಯುತ್ತಾರೆ. ಹೋಗುತ್ತೇನೆ, ನಾಚಿಕೆಗೆಟ್ಟವನು.

ಕಳೆದ ತಿಂಗಳು ಲಕ್ಷ್ಮೇಶ್ವರಕ್ಕೆ ಬಂದವನು ನಿಮ್ಮ ಮನೆಗೆ ಬಂದೆ. ನೀವು ಒಳಗಿದ್ದಾಗ ನಿಮ್ಮ ಮಗಳು ಹೇಳಿದಳು: "ಅಬ್ಬಾ ಒಬ್ಬರ ಹೊರಗ ಹೋಗೂದಿಲ್ರಿ. ನಮಾಜ್ ಮಾಡಿ ಎದ್ದ ಮ್ಯಾಲೂ ಮಾಡಿದ್ನೇನ ಬೇಟಿ ಅಂತ ಕೇಳ್ತಾರ. ಡಾಕ್ಟರು ಏನೂ ಆಗಿಲ್ಲ ಅಂದ್ರೂ ನಂಬೂದಿಲ್ಲ. ಆ ಮೀಟಿಂಗ್ ಆದಾಗಿಂದ ಹಿಂಗ್ರಿ." ನೀವು ಬಂದು ನನ್ನ ಕೈ ಹಿಡಿದುಕೊಂಡಿರಿ. "ನೀ ಬರದಿದ್ದಿ, ನಾನ ಮರತೆ. ಸುಮ್ಮನ ನಿನ್ನ ಮ್ಯಾಲ ಸಂಶಯ ಮಾಡಿದೆ. ಮಾಫ್ ಮಾಡು ತಮ್ಮಾ."

ಆ ಮಾತು ಕೇಳಿಯೂ ಚಹಾ ಕುಡಿದು ಎದ್ದು ಬಂದೆ.

ನಕ್ಷೆಗಳು ಹೋದದ್ದಕ್ಕಿಂತ — ಅದನ್ನು ಬರೆಯಲು ನನಗೆ ಕೈ ಬರುತ್ತಿಲ್ಲ. ಈ ಪತ್ರದ ಒಂದು ಪ್ರತಿಯನ್ನು ಇವತ್ತು ಅಧ್ಯಕ್ಷರ ಕೈಗೆ ಕೊಟ್ಟಿದ್ದೇನೆ. ಅವರು ಏನು ಮಾಡುತ್ತಾರೋ ಮಾಡಲಿ. ನಿಮ್ಮಿಂದ ಕ್ಷಮೆ ಕೇಳುವುದಿಲ್ಲ. ನಿಮ್ಮ ಮಗಳು ಇದನ್ನು ನಿಮಗೆ ಗಟ್ಟಿಯಾಗಿ ಓದಿ ಹೇಳಲಿ, ಬೇಕಾದರೆ ದಿನಾ ಓದಲಿ. ಚಾಚಾ, ನೀವು ಏನನ್ನೂ ಮರೆತಿರಲಿಲ್ಲ. ಅವತ್ತು ಪುಟ ಖಾಲಿಯೇ ಇತ್ತು.